ಮಗುವಿನ ನೆಗಡಿ ಎದೆಗಿಳಿಯಿತು ಎಂದು ತಿಳಿಯುವುದು ಹೇಗೆ?

2025ರ ಜನವರಿ 6ರಂದು ಬೆಂಗಳೂರಿನ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಎಂಬ ನೆಗಡಿ-ಕೆಮ್ಮಿನ ವೈರಸ್ ಇರುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಟಿಸಿತು. ಒಂದು ಮೂರು ತಿಂಗಳ ಹೆಣ್ಣುಮಗು, ಇನ್ನೊಂದು ಎಂಟು ತಿಂಗಳ ಗಂಡುಮಗು. ಅದೇ ದಿನ ಸೆನ್ಸೆಕ್ಸ್ ಸಾವಿರದ ಇನ್ನೂರು ಅಂಶಕ್ಕೂ ಹೆಚ್ಚು ಬಿತ್ತು. ಟಿವಿಯಲ್ಲಿ ದಿನವಿಡೀ ಒಂದೇ ಸುದ್ದಿ. ಎರಡೂ ಮಕ್ಕಳು ವಿದೇಶ ಪ್ರಯಾಣ ಮಾಡಿರಲಿಲ್ಲ ಎಂಬುದನ್ನು ಆತಂಕದ ಸಂಗತಿಯೆಂಬಂತೆ ಹೇಳಲಾಯಿತು. ಅಸಲಿಗೆ ಈ ವೈರಸ್ ಹತ್ತಲು ಪ್ರಯಾಣ ಬೇಕಾಗಿಯೇ ಇಲ್ಲ. ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಅದನ್ನು ಗುರುತಿಸಿದ್ದು 2001ರಲ್ಲಾದರೂ ಅದು ಅದಕ್ಕೂ ದಶಕಗಳ ಹಿಂದಿನಿಂದ ಮನುಷ್ಯರ ನಡುವೆ ಓಡಾಡುತ್ತಿತ್ತು. ಐದು ವರ್ಷ ತುಂಬುವಷ್ಟರಲ್ಲಿ ಬಹುತೇಕ ಎಲ್ಲ ಮಕ್ಕಳಿಗೂ ಒಮ್ಮೆ ಬಂದು ಹೋಗಿರುತ್ತದೆ.

ಹೊಸ ಹೆಸರು ಕೇಳಿ ಹೀಗೆ ಬೆಚ್ಚಿದ ಮನೆಗಳಲ್ಲೇ, ಹೆಸರಿಲ್ಲದ ಕಾಯಿಲೆ ಬಂದಾಗ ‘ಬರೀ ನೆಗಡಿ ತಾನೆ’ ಎಂದು ಉಸಿರುಗಟ್ಟುತ್ತಿರುವ ಕೂಸನ್ನು ಇಟ್ಟುಕೊಂಡು ಎರಡು ದಿನ ಕಾಯುವುದೂ ಉಂಟು. ಕಾಯಿಲೆ ಎಷ್ಟು ಜೋರು ಎಂಬುದನ್ನು ವೈರಸ್ಸಿನ ಹೆಸರು ಹೇಳುವುದು ಬಹಳ ಕಡಿಮೆ. ಅದನ್ನು ಮಗುವಿನ ವಯಸ್ಸು, ಉಸಿರಿನ ಲೆಕ್ಕ, ಪಕ್ಕೆ ಮತ್ತು ಕುಡಿಯುವ ಹಾಲು ಹೇಳುತ್ತವೆ.

ಆರ್‌ಎಸ್‌ವಿ ಎಂಬ ಒಂದೇ ವೈರಸ್ ಒಂದು ಮನೆಗೆ ಬಂತು ಎಂದುಕೊಳ್ಳಿ. ಎಲ್‌ಕೆಜಿಗೆ ಹೋಗುವ ಅಣ್ಣ ಅದನ್ನು ತರುತ್ತಾನೆ, ನಾಲ್ಕು ದಿನ ಮೂಗು ಸೋರಿಸಿಕೊಂಡು ಆಟವಾಡುತ್ತಲೇ ಇರುತ್ತಾನೆ. ಅಮ್ಮನಿಗೆ ಗಂಟಲು ಕೆರೆತ, ಒಂದಿಷ್ಟು ತಲೆನೋವು. ತೊಟ್ಟಿಲಲ್ಲಿರುವ ಆರು ವಾರದ ತಂಗಿಗೆ ಮಾತ್ರ ಉಸಿರಾಟವೇ ಕಷ್ಟವಾಗುತ್ತದೆ. ಮೂವರಿಗೂ ಬಂದದ್ದು ಒಂದೇ ವೈರಸ್ಸಾದರೂ ಅದು ಹೊಕ್ಕ ಕೊಳವೆಗಳ ಅಳತೆ ಬೇರೆ ಬೇರೆ.

ಹುಟ್ಟಿದ ಕೂಸಿನ ಧ್ವನಿಪೆಟ್ಟಿಗೆಯ ಕೆಳಗಿನ ದಾರಿ ಸುಮಾರು 4 ಮಿಲಿಮೀಟರ್ ಅಗಲ. ಸುತ್ತಲೂ ಒಂದೇ ಒಂದು ಮಿಲಿಮೀಟರ್ ಬಾವು ಬಂದರೆ ಉಳಿಯುವುದು 2. ಕೊಳವೆಯ ತ್ರಿಜ್ಯ ಅರ್ಧವಾದರೆ ಗಾಳಿಗೆ ಎದುರಾಗುವ ತಡೆ ಇಮ್ಮಡಿಯಾಗಿ ನಿಲ್ಲುವುದಿಲ್ಲ, ಹದಿನಾರು ಪಟ್ಟು ಏರುತ್ತದೆ. 8 ಮಿಲಿಮೀಟರಿನ ದೊಡ್ಡವರ ಕೊಳವೆಯಲ್ಲಿ ಅಷ್ಟೇ ಬಾವು ಬಂದರೆ ತಡೆ ಸುಮಾರು ಮೂರು ಪಟ್ಟು ಮಾತ್ರ. ಇದು ಸಮಾಧಾನವಾಗಿ ಉಸಿರಾಡುವಾಗಿನ ಲೆಕ್ಕ. ಮಗು ಅಳತೊಡಗಿದರೆ ಗಾಳಿ ಸುಳಿಸುಳಿಯಾಗಿ ನುಗ್ಗಿ ತಡೆ ಇನ್ನೂ ಹೆಚ್ಚುತ್ತದೆ. ಉಸಿರಿಗೆ ಕಷ್ಟಪಡುವ ಮಗುವನ್ನು ಅಳಿಸಬೇಡಿ ಎಂದು ವೈದ್ಯರು ಹೇಳುವುದು ಇದಕ್ಕೇ. ಇದರ ಮೇಲೆ, ಎಳೆಗೂಸುಗಳು ಉಸಿರಾಡುವುದು ಮುಖ್ಯವಾಗಿ ಮೂಗಿನಿಂದ. ಬಾಯಲ್ಲಿ ಮೊಲೆ ಇರುವಾಗಲಂತೂ ಮೂಗೇ ಗತಿ. ದೊಡ್ಡವರಿಗೆ ‘ಮೂಗು ಕಟ್ಟಿದೆ’ ಎಂಬುದು ಕಿರಿಕಿರಿ, ಎರಡು ತಿಂಗಳ ಮಗುವಿಗೆ ಅದು ಹೊಟ್ಟೆಯ ಪ್ರಶ್ನೆ.

ಆರ್‌ಎಸ್‌ವಿ ಇನ್ನೂ ಕೆಳಗಿಳಿಯುತ್ತದೆ. ಶ್ವಾಸಕೋಶದ ತುದಿಯ ಸಣ್ಣ ಸಣ್ಣ ಕವಲುಗಳ ಒಳಪದರದಲ್ಲಿ ಕಫವನ್ನು ಮೇಲಕ್ಕೆ ದೂಡುವ ಸೂಕ್ಷ್ಮ ರೋಮಗಳಿರುತ್ತವೆ. ವೈರಸ್ ಆ ರೋಮಕೋಶಗಳನ್ನೇ ಹೊಕ್ಕು ಕೊಲ್ಲುತ್ತದೆ. ಸತ್ತ ಕೋಶ, ಸಿಂಬಳ, ಬಾವು ಎಲ್ಲ ಸೇರಿ ಕವಲಿಗೆ ಬಿರಡೆ ಹಾಕಿದಂತಾಗುತ್ತದೆ. ಕೆಲವು ಕಡೆ ಗಾಳಿ ಒಳಹೋಗುತ್ತದೆ, ಹೊರಬರುವುದಿಲ್ಲ, ಎದೆ ಉಬ್ಬಿಕೊಳ್ಳುತ್ತದೆ. ಇನ್ನು ಕೆಲವು ಕಡೆ ಗಾಳಿಯೇ ಹೋಗದೆ ಶ್ವಾಸಕೋಶದ ತುಂಡು ಮುದುಡುತ್ತದೆ. ಇದೇ ಬ್ರಾಂಕಿಯೊಲೈಟಿಸ್, ಎರಡು ವರ್ಷದೊಳಗಿನವರ ಕಾಯಿಲೆ. ಹೆಚ್ಚು ಜೋರಾಗುವುದು ಮೊದಲ ಆರು ತಿಂಗಳಲ್ಲಿ.

ಲೋಕದ ಲೆಕ್ಕ ನೋಡಿ: 2019ರಲ್ಲಿ ಐದು ವರ್ಷದೊಳಗಿನ ಸುಮಾರು 3.3 ಕೋಟಿ ಮಕ್ಕಳಿಗೆ ಆರ್‌ಎಸ್‌ವಿ ಎದೆಗಿಳಿಯಿತು, 36 ಲಕ್ಷ ಮಂದಿ ಆಸ್ಪತ್ರೆ ಸೇರಿದರು, ಒಂದು ಲಕ್ಷಕ್ಕೂ ಸ್ವಲ್ಪ ಹೆಚ್ಚು ಮಕ್ಕಳು ಸತ್ತರು ಎಂಬುದು ಅಂದಾಜು. ಸತ್ತವರಲ್ಲಿ ಸುಮಾರು ಅರ್ಧದಷ್ಟು ಆರು ತಿಂಗಳೂ ತುಂಬದವರು. ನೂರರಲ್ಲಿ 95ಕ್ಕೂ ಹೆಚ್ಚು ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲೇ. ಎಲ್ಲ ಕಡೆ ವೈರಸ್ ಒಂದೇ. ಆಕ್ಸಿಜನ್ ಇರುವ ಕಡೆಗೆ ಮಗು ಎಷ್ಟು ಹೊತ್ತಿಗೆ ತಲುಪಿತು ಎಂಬುದರಲ್ಲಿ ವ್ಯತ್ಯಾಸ. ದಿನ ತುಂಬದೆ ಹುಟ್ಟಿದವರು, ಹುಟ್ಟಿನಿಂದ ಹೃದಯದ ತೊಂದರೆ ಅಥವಾ ಶ್ವಾಸಕೋಶದ ಕಾಯಿಲೆ ಇರುವವರು, ಡೌನ್ ಸಿಂಡ್ರೋಮ್ ಇರುವವರು, ಒಲೆಯ ಹೊಗೆ ಅಥವಾ ಬೀಡಿ ಹೊಗೆ ಇರುವ ಮನೆಯ ಮಕ್ಕಳು ಹೆಚ್ಚು ಅಪಾಯದಲ್ಲಿರುತ್ತಾರೆ. ಹಾಗೆಂದು ‘ನಮ್ಮ ಮಗು ಗಟ್ಟಿಮುಟ್ಟಾಗಿದೆ’ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಆರ್‌ಎಸ್‌ವಿಯಿಂದ ಆಸ್ಪತ್ರೆ ಸೇರುವ ಕೂಸುಗಳಲ್ಲಿ ಬಹುಪಾಲು ದಿನ ತುಂಬಿ ಹುಟ್ಟಿದ, ಮೊದಲು ಯಾವ ಕಾಯಿಲೆಯೂ ಇಲ್ಲದ ಮಕ್ಕಳೇ.

ತಾಯ್ತಂದೆಯರು ಎಡವುವುದು ಹೆಚ್ಚಾಗಿ ದಿನದ ಲೆಕ್ಕದಲ್ಲಿ. ಮೊದಲ ಎರಡು ದಿನ ಮೂಗು ಸೋರುತ್ತದೆ, ಸೀನು, ಒಂದಿಷ್ಟು ಮೈಬಿಸಿ. ಆಗ ವೈದ್ಯರಿಗೆ ತೋರಿಸಿ ‘ಎದೆ ಚೆನ್ನಾಗಿದೆ’ ಎನಿಸಿಕೊಂಡು ಬರುತ್ತಾರೆ. ಅದು ಆ ಹೊತ್ತಿಗೆ ನಿಜವೇ. ಕೆಮ್ಮು ಶುರುವಾದ ಮೇಲಿನ ಮೂರರಿಂದ ಐದನೆಯ ದಿನದ ನಡುವೆ ಕಾಯಿಲೆ ತುತ್ತತುದಿಗೆ ಏರುತ್ತದೆ. ಮೂರನೆಯ ದಿನ ಮಗು ಸ್ವಲ್ಪ ಮಂಕಾದರೆ ‘ಮೊನ್ನೆ ತಾನೇ ತೋರಿಸಿದ್ದೆವಲ್ಲ’ ಎನ್ನದೆ ಮತ್ತೆ ತೋರಿಸಬೇಕು. ಆರನೆಯ ದಿನವೂ ಹೆಚ್ಚೂಕಡಿಮೆ ಹಾಗೇ ಇದ್ದು, ಕುಡಿಯುತ್ತಿದ್ದರೆ, ಇಳಿಮುಖ ಶುರುವಾಗಿದೆ ಎಂದು ನಂಬಬಹುದು. ಎರಡು ತಿಂಗಳೊಳಗಿನವರಲ್ಲಿ, ಅದರಲ್ಲೂ ದಿನ ತುಂಬದೆ ಹುಟ್ಟಿದವರಲ್ಲಿ, ಈ ಕ್ರಮವೇ ಇರುವುದಿಲ್ಲ. ಕೆಮ್ಮು ಜೋರಾಗುವ ಮೊದಲೇ ಮಗು ಹತ್ತಿಪ್ಪತ್ತು ಸೆಕೆಂಡ್ ಉಸಿರು ನಿಲ್ಲಿಸಿಬಿಡಬಹುದು. ಅಂಥ ಕೂಸಿನ ನೆಗಡಿಯನ್ನು ಮೊದಲ ದಿನವೇ ತೋರಿಸಿ.

ಉಳಿದ ವೈರಸ್‌ಗಳ ಗುಣವನ್ನು ಬೇಗ ಹೇಳಿ ಮುಗಿಸಬಹುದು. ರೈನೋವೈರಸ್‌ನಲ್ಲಿ 160ಕ್ಕೂ ಹೆಚ್ಚು ಬಗೆಗಳಿವೆ. ಚಿಕ್ಕ ಮಗುವಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದಕ್ಕೆ ಇದೇ ಮುಖ್ಯ ಕಾರಣ, ಹೊಸದಾಗಿ ಶಾಲೆಗೆ ಸೇರಿದ ವರ್ಷ ಇನ್ನೂ ಹೆಚ್ಚು. ಬಹುಮಟ್ಟಿಗೆ ಸಾಧು, ಆದರೆ ಉಬ್ಬಸದ ಒಲವಿರುವ ಮಕ್ಕಳಿಗೆ ಉಬ್ಬಸ ಕೆರಳಿಸುತ್ತದೆ. ಫ್ಲೂ ಬಂದರೆ ಒಮ್ಮೆಲೇ ಸುಡುವ ಜ್ವರ, ಮೈಕೈ ನೋವು. ಕೆಲವರಿಗೆ ಜ್ವರ ಬಿಡುವ ಹೊತ್ತಿಗೆ ಮೀನಖಂಡ ಹಿಡಿದು ನಡೆಯಲಾಗುವುದಿಲ್ಲ. ಇದೊಂದಕ್ಕೆ ಒಸೆಲ್ಟಾಮಿವಿರ್ ಎಂಬ ಔಷಧವಿದೆ, ಮೊದಲ 48 ಗಂಟೆಯಲ್ಲಿ ಶುರು ಮಾಡಿದರೆ ಹೆಚ್ಚು ಪ್ರಯೋಜನ. ಫ್ಲೂ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು, ಯಕೃತ್ತು ಮತ್ತು ಮೆದುಳಿಗೆ ಪೆಟ್ಟಾಗುವ ರೇ ಸಿಂಡ್ರೋಮ್ ಬರಬಹುದು. ಅಡೆನೊವೈರಸ್ಸಿನ ಜ್ವರ ಐದಾರು ದಿನವಾದರೂ ಇಳಿಯದು, ಕಣ್ಣು ಕೆಂಪಗಾಗುತ್ತದೆ. 2023ರ ಆರಂಭದಲ್ಲಿ ಪಶ್ಚಿಮ ಬಂಗಾಳದ ಮಕ್ಕಳ ವಾರ್ಡುಗಳು ತುಂಬಿಹೋದದ್ದು ಇದರಿಂದಲೇ. ಕೆಲವರಲ್ಲಿ ಶ್ವಾಸಕೋಶದ ಕವಲುಗಳಲ್ಲಿ ಶಾಶ್ವತ ಗಾಯದ ಗುರುತು ಬಿಟ್ಟುಹೋಗುವ ವೈರಸ್ ಇದು. ಕೋವಿಡ್ ಮಕ್ಕಳಲ್ಲಿ ಸಾಮಾನ್ಯವಾಗಿ ಹಗುರ. ಎರಡರಿಂದ ಆರು ವಾರ ಕಳೆದ ಮೇಲೆ ಅಪರೂಪಕ್ಕೆ ಜ್ವರ, ದದ್ದು, ಹೊಟ್ಟೆನೋವಿನ ಜೊತೆ ಹೃದಯಕ್ಕೆ ತೊಂದರೆಯಾಗುವುದುಂಟು.

ಪ್ಯಾರಾಇನ್‌ಫ್ಲುಯೆಂಜಾ ವೈರಸ್ ತರುವ ಕ್ರೂಪ್ ಎಂಬ ಗಂಟಲಿನ ಕಾಯಿಲೆಯ ಬಗ್ಗೆ ಎರಡು ಮಾತು ಹೆಚ್ಚು ಬೇಕು, ಏಕೆಂದರೆ ಅಲ್ಲಿ ಹೆಸರಿನ ಗೊಂದಲವಿದೆ. ಸಂಜೆ ಚೆನ್ನಾಗಿದ್ದ ಒಂದೂವರೆ ವರ್ಷದ ಮಗು ರಾತ್ರಿ ಒಂದು ಗಂಟೆಗೆ ಎದ್ದು ಥೇಟ್ ನಾಯಿ ಬೊಗಳಿದಂತೆ ಕೆಮ್ಮುತ್ತದೆ, ಉಸಿರು ಒಳಗೆಳೆಯುವಾಗ ಕರ್ಕಶವಾದ ಸದ್ದು. ಆದರೆ ನಮ್ಮಲ್ಲಿ ‘ನಾಯಿಕೆಮ್ಮು’ ಎಂಬ ಹೆಸರು ಮೊದಲೇ ಪರ್ಟುಸಿಸ್ ಎಂಬ ಬ್ಯಾಕ್ಟೀರಿಯಾ ಕಾಯಿಲೆಗೆ ಸಂದುಬಿಟ್ಟಿದೆ. ಅದರಲ್ಲಿ ಬೊಗಳುವ ಸದ್ದಿಲ್ಲ, ಉಸಿರು ಕಟ್ಟುವಷ್ಟು ಸಾಲುಸಾಲು ಕೆಮ್ಮು, ಕೊನೆಗೆ ‘ಹೂಪ್’ ಎಂದು ಉಸಿರೆಳೆತ, ವಾಂತಿ. ಆದ್ದರಿಂದ ವೈದ್ಯರಿಗೆ ಹೆಸರು ಹೇಳುವುದಕ್ಕಿಂತ ಮೊಬೈಲಿನಲ್ಲಿ ಅರ್ಧ ನಿಮಿಷ ಕೆಮ್ಮನ್ನು ರೆಕಾರ್ಡ್ ಮಾಡಿ ತೋರಿಸುವುದು ಲೇಸು. ಕ್ರೂಪ್ ಬಂದ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಿ, ಮಲಗಿಸಬೇಡಿ. ಚಮಚ ಹಾಕಿ ಗಂಟಲು ನೋಡಲು ಹೋಗಬೇಡಿ. ಆಸ್ಪತ್ರೆಯಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಒಂದು ಡೋಸ್ ಕೊಡುತ್ತಾರೆ, ಬಹುತೇಕರಿಗೆ ಅಷ್ಟು ಸಾಕು. ಇದೇ ಸ್ಟೀರಾಯ್ಡ್ ಬ್ರಾಂಕಿಯೊಲೈಟಿಸ್‌ಗೆ ಏನೂ ಮಾಡದು.

ಹಾಗಾದರೆ ಇಪ್ಪತ್ತು ವೈರಸ್ ಒಟ್ಟಿಗೆ ಹುಡುಕುವ ಪಿಸಿಆರ್ ಪ್ಯಾನೆಲ್ ಮಾಡಿಸಬೇಕೆ? ಐಸಿಯುನಲ್ಲಿರುವ ಮಗುವಿಗೆ, ರೋಗನಿರೋಧಕ ಶಕ್ತಿ ಕುಂದಿದ ಮಗುವಿಗೆ ಅರ್ಥವಿದೆ. ಮನೆಯಲ್ಲಿ ಆಡಿಕೊಂಡಿರುವ ಮಗುವಿಗೆ ಸಾವಿರಾರು ರೂಪಾಯಿ ಖರ್ಚು ಮಾಡಿ ಹೆಸರು ತಿಳಿದುಕೊಂಡರೆ ಚಿಕಿತ್ಸೆ ಬದಲಾಗುವುದಿಲ್ಲ. ಪೂರ್ತಿ ಆರೋಗ್ಯವಾಗಿರುವ ಮಕ್ಕಳ ಮೂಗಿನಲ್ಲೂ ರೈನೋವೈರಸ್ ಸಿಗುತ್ತದೆ. ಹಳೆಯ ನೆಗಡಿಯ ಚೂರುಪಾರು ವಾರಗಟ್ಟಲೆ ಉಳಿದಿರುತ್ತದೆ. ಎಕ್ಸ್-ರೇ ಕೂಡ ಅಷ್ಟೇ. ಶ್ವಾಸಕೋಶದ ಮುದುಡಿದ ತುಂಡು ಬಿಳಿ ಕಲೆಯಾಗಿ ಕಂಡು, ಅದು ನ್ಯುಮೋನಿಯಾ ಎನಿಸಿಕೊಂಡು, ಬೇಡದ ಆ್ಯಂಟಿಬಯಾಟಿಕ್ ಶುರುವಾಗುತ್ತದೆ.

ಕಾಸು ಖರ್ಚಿಲ್ಲದ ಪರೀಕ್ಷೆ ಉಸಿರು ಎಣಿಸುವುದು. ಮಗು ಮಲಗಿರಬೇಕು ಅಥವಾ ಶಾಂತವಾಗಿರಬೇಕು. ಅಳುವಾಗ, ಹಾಲು ಕುಡಿಯುವಾಗ, ಜ್ವರ ಸುಡುವಾಗ ಎಣಿಸಿದ್ದು ಲೆಕ್ಕಕ್ಕಿಲ್ಲ. ಅಂಗಿ ಎದೆಯ ಮೇಲಕ್ಕೆ ಸರಿಸಿ. ಹೊಟ್ಟೆ ಮೇಲೆ ಹೋಗಿ ಕೆಳಗೆ ಬಂದರೆ ಒಂದು. ಮೊಬೈಲಿನ ಟೈಮರ್ ಇಟ್ಟು ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಲೆಕ್ಕ ಎಳೆಮಕ್ಕಳಿಗೆ ಕೆಲಸಕ್ಕೆ ಬಾರದು, ಅವರ ಉಸಿರು ನಡುನಡುವೆ ತಾನಾಗಿ ತಡೆದು ಮತ್ತೆ ಓಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಗಡಿ ಇದು: ಎರಡು ತಿಂಗಳೊಳಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷಕ್ಕೆ 40. ಗಡಿ ಮುಟ್ಟಿದರೆ ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಎಣಿಸಿ. ಮತ್ತೆ ಅಷ್ಟೇ ಬಂದರೆ ಅದೇ ದಿನ ತೋರಿಸಿ.

ಎಣಿಸುವಾಗಲೇ ಪಕ್ಕೆ ನೋಡಿ. ಉಸಿರು ಒಳಗೆಳೆದಾಗ ಎದೆ ಹಿಗ್ಗಬೇಕು. ಅದರ ಬದಲು ಪಕ್ಕೆಲುಬಿನ ಕೆಳಅಂಚು ಒಳಕ್ಕೆ ಸೆಳೆದುಕೊಂಡು ಗುಳಿಬಿದ್ದರೆ, ಮಗು ತನ್ನ ಬಲವನ್ನೆಲ್ಲ ಹಾಕಿ ಗಾಳಿ ಎಳೆಯುತ್ತಿದೆ ಎಂದರ್ಥ. ಹಳ್ಳಿಗಳಲ್ಲಿ ‘ಪಕ್ಕೆ ಹಾರುತ್ತಿದೆ’ ಎನ್ನುವುದು ಇದನ್ನೇ. ಅಜ್ಜಿಯಂದಿರ ಈ ಮಾತಿಗೆ ಪ್ಯಾನೆಲ್ ವರದಿಗಿಂತ ಹೆಚ್ಚು ಬೆಲೆ ಕೊಡಬೇಕು. ಮೂಗಿನ ಹೊಳ್ಳೆ ಅರಳುವುದು, ಪ್ರತಿ ಉಸಿರಿಗೂ ತಲೆ ತೂಗುವುದು ಅದರ ಮುಂದಿನ ಹಂತ. ಉಸಿರು ಬಿಡುವಾಗ ‘ಹ್ಞ... ಹ್ಞ’ ಎಂದು ನರಳುವುದು ಇನ್ನೂ ಕೆಟ್ಟದ್ದು, ಮುದುಡುತ್ತಿರುವ ಶ್ವಾಸಕೋಶವನ್ನು ತೆರೆದಿಡಲು ಮಗು ಗಂಟಲು ಬಿಗಿಹಿಡಿದು ಗಾಳಿ ಉಳಿಸಿಕೊಳ್ಳುತ್ತಿರುತ್ತದೆ. ಎಲ್ಲಕ್ಕಿಂತ ಮೋಸ ಮಾಡುವುದು ಇದರ ಮುಂದಿನದು. ಎಪ್ಪತ್ತು ಇದ್ದ ಉಸಿರು ಮೂವತ್ತಕ್ಕಿಳಿಯುತ್ತದೆ, ಸುಯ್ಯೆನ್ನುವ ಸದ್ದು ಅಡಗುತ್ತದೆ, ಮಗು ಜೋಲುಬಿದ್ದು ಮಲಗುತ್ತದೆ. ಮನೆಯವರು ‘ಸದ್ಯ, ನಿದ್ದೆ ಬಂತು’ ಎಂದುಕೊಳ್ಳುತ್ತಾರೆ. ಅದು ನಿದ್ದೆಯಲ್ಲ, ಸೋತದ್ದು. ತುಟಿ, ನಾಲಗೆ ನೀಲಿಯಾದರೆ, ಉಸಿರು ನಿಂತು ನಿಂತು ಬಂದರೆ, ಎಬ್ಬಿಸಿದರೂ ಏಳದಿದ್ದರೆ, ನರಳುತ್ತಿದ್ದರೆ 108ಕ್ಕೆ ಕರೆ ಮಾಡಿ.

ಎದೆಯಲ್ಲಿ ಕೇಳುವ ಗೊರಗೊರ ಸದ್ದಿಗೆ ಮಾತ್ರ ಅಷ್ಟು ಹೆದರಬೇಕಿಲ್ಲ. ಮಗು ನಗುತ್ತ, ಚೆನ್ನಾಗಿ ಕುಡಿಯುತ್ತಿದ್ದರೆ ಅದು ಹೆಚ್ಚಾಗಿ ಮೂಗು-ಗಂಟಲಿನ ಸಿಂಬಳದ ಸದ್ದು, ಎದೆಗೆ ಹಾಯ್ದು ಕೈಗೆ ಸಿಗುತ್ತದೆ.

ಹಾಲೂ ಒಂದು ಅಳತೆಗೋಲು. ನಿಮಿಷಕ್ಕೆ 60 ಸಲ ಉಸಿರಾಡುವ ಮಗು ನುಂಗುವುದಕ್ಕೆ ಬಿಡುವು ಕಾಣದು. ನಾಲ್ಕು ಗುಟುಕು ಎಳೆದು ಮೊಲೆ ಬಿಟ್ಟು ಏದುಸಿರು ಬಿಡುತ್ತದೆ. ದಿನಕ್ಕೆ ಕುಡಿಯುತ್ತಿದ್ದುದರ ಅರ್ಧಕ್ಕಿಂತ ಕಡಿಮೆಯಾದರೆ, ಹನ್ನೆರಡು ಗಂಟೆ ಉಚ್ಚೆ ಹೊಯ್ಯದಿದ್ದರೆ ಆಸ್ಪತ್ರೆಗೆ ಹೋಗಬೇಕು. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೂ, ಬೇರೇನೂ ಕಾಣದಿದ್ದರೂ, ತೋರಿಸಲೇಬೇಕು.

ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಮನೆಮನೆಯಲ್ಲಿದೆ. ದೊಡ್ಡವರ ಕ್ಲಿಪ್ಪಿಗೆ ಕೂಸಿನ ಬೆರಳು ಹತ್ತುವುದಿಲ್ಲ. 84 ತೋರಿಸಿ ಹೆದರಿಸುತ್ತದೆ, ಇಲ್ಲವೇ 99 ತೋರಿಸಿ ಮೈಮರೆಸುತ್ತದೆ. ಮಕ್ಕಳ ಪ್ರೋಬ್ ಇದ್ದು, ಪಾದಕ್ಕೆ ಕಟ್ಟಿ, ನಾಡಿಯ ಅಲೆ ಒಂದೇ ಸಮ ಬಂದಾಗಿನ ಅಂಕಿ ಮಾತ್ರ ನಂಬಬಹುದು. 90ಕ್ಕಿಂತ ಕೆಳಗೆ ಹೋದರೆ ಆಕ್ಸಿಜನ್ ಬೇಕು, 92ರ ಆಸುಪಾಸಿನಲ್ಲೇ ಆಸ್ಪತ್ರೆಗೆ ಹೊರಡಿ. ಆದರೆ ಪಕ್ಕೆ ಹಾರುತ್ತಿರುವಾಗ ಯಂತ್ರ 96 ತೋರಿಸಿತೆಂದು ಕೂರಬೇಡಿ. ಮಗು ದುಡಿದು ದುಡಿದು ಆ 96 ಉಳಿಸಿಕೊಂಡಿರುತ್ತದೆ.

ಮನೆಯಲ್ಲಿ ಮಾಡಬಹುದಾದ್ದು ಮುಖ್ಯವಾಗಿ ಮೂರು. ಮೊದಲನೆಯದು ಮೂಗು: ಹಾಲು ಕುಡಿಸುವ ಐದು ನಿಮಿಷ ಮೊದಲು ಹೊಳ್ಳೆಗೆ ಎರಡೆರಡು ಹನಿ ಸಲೈನ್ ಡ್ರಾಪ್ಸ್ ಬಿಟ್ಟು, ಸಿಂಬಳ ಸಡಿಲವಾದ ಮೇಲೆ ಒರೆಸಿ ಅಥವಾ ರಬ್ಬರ್ ಬಲ್ಬಿನಿಂದ ಹಗುರವಾಗಿ ಎಳೆಯಿರಿ. ಬಲ್ಬನ್ನು ಹೊರಗೆ ಒತ್ತಿಕೊಂಡು ಆಮೇಲೆ ಮೂಗಿಗೆ ಇಡಬೇಕು, ಇಟ್ಟ ಮೇಲೆ ಒತ್ತಿದರೆ ಸಿಂಬಳ ಇನ್ನೂ ಒಳಹೋಗುತ್ತದೆ. ದಿನಕ್ಕೆ ಹತ್ತು ಸಲ ಎಳೆದರೆ ಒಳಪದರ ಬಾತು ಕೆಲಸ ಕೆಡುತ್ತದೆ. ಎರಡನೆಯದು ಸ್ವಲ್ಪಸ್ವಲ್ಪವೇ, ಮೇಲಿಂದ ಮೇಲೆ ಎದೆಹಾಲು. ಆರು ತಿಂಗಳೊಳಗೆ ನೀರು ಬೇಡ.

ಮೂರನೆಯದು ಜ್ವರಕ್ಕೆ ಪ್ಯಾರಾಸಿಟಮಾಲ್, ಇಲ್ಲಿ ಆಗುವ ತಪ್ಪು ದೊಡ್ಡದು. ಲೆಕ್ಕ ತೂಕದ ಮೇಲೆ: ಕಿಲೋಗೆ 10ರಿಂದ 15 ಮಿಲಿಗ್ರಾಂ, ಎರಡು ಡೋಸಿನ ನಡುವೆ ಕನಿಷ್ಠ 4ರಿಂದ 6 ಗಂಟೆ, ದಿನಕ್ಕೆ ನಾಲ್ಕು ಸಲ ಮೀರದಂತೆ. 8 ಕಿಲೋ ಮಗುವಿಗೆ ಹೆಚ್ಚೆಂದರೆ 120 ಮಿಲಿಗ್ರಾಂ. ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ. 5 ಎಂಎಲ್‌ನಲ್ಲಿ 120 ಮಿಲಿಗ್ರಾಂ ಇರುವ ಸಿರಪ್ ಆದರೆ 5 ಎಂಎಲ್, 250 ಇರುವುದಾದರೆ 2.4 ಎಂಎಲ್, ಒಂದು ಎಂಎಲ್‌ಗೇ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ ಬರೀ 1.2 ಎಂಎಲ್. ಕಳೆದ ಸಲ 5 ಎಂಎಲ್ ಕೊಟ್ಟ ನೆನಪಿನಲ್ಲಿ ಈ ಸಲ ಡ್ರಾಪ್ಸ್ 5 ಎಂಎಲ್ ಕೊಟ್ಟರೆ 500 ಮಿಲಿಗ್ರಾಂ ಹೋಯಿತು, ನಾಲ್ಕು ಪಟ್ಟಿಗಿಂತ ಹೆಚ್ಚು. ಹಾಗಾಗಿ ಬಾಟಲಿಯ ಲೇಬಲ್ ಓದದೆ ಕೊಡಬೇಡಿ, ಅಡುಗೆಮನೆಯ ಚಮಚದಲ್ಲಿ ಅಳೆಯಬೇಡಿ. ಮೂರು ತಿಂಗಳೊಳಗೆ ವೈದ್ಯರನ್ನು ಕೇಳದೆ ಬೇಡವೇ ಬೇಡ.

ಕೆಮ್ಮಿನ ಸಿರಪ್ಪಿನ ವಿಷಯದಲ್ಲಿ ರಿಯಾಯಿತಿ ಇಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ ಕುಡಿದ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಆ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿ ಸಿರಪ್ ಬರೆಯಬಾರದು, ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ ಎಂದಿತು. ವಿಷ ಬೆರೆಯದ ಶುದ್ಧ ಸಿರಪ್ಪೂ ಮಗುವಿಗೆ ಉಪಕಾರ ಮಾಡುವುದಿಲ್ಲ, ನಿದ್ದೆ ಬರಿಸಿ ಉಸಿರಿನ ಕಷ್ಟವನ್ನು ಮರೆಮಾಚುತ್ತದೆ. ಮನೆಮದ್ದಿನಲ್ಲೂ ಬಿಡಬೇಕಾದವು ಇವೆ. ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕಿಳಿದು ಬೇರೆಯೇ ನ್ಯುಮೋನಿಯಾ ಆಗುತ್ತದೆ. ಸ್ನಾನದ ನಂತರದ ಸಾಂಬ್ರಾಣಿ ಹೊಗೆ ಮೊದಲೇ ಬಾತಿರುವ ಕವಲುಗಳನ್ನು ಕೆರಳಿಸುತ್ತದೆ. ಕರ್ಪೂರ ಎಳೆಮಕ್ಕಳಲ್ಲಿ ಫಿಟ್ಸ್ ತರಬಲ್ಲದು. ಬಿಸಿನೀರಿನ ಪಾತ್ರೆಯ ಹಬೆಯಿಂದ ಆಗುವುದು ಸುಟ್ಟಗಾಯ. ಜೇನುತುಪ್ಪ ಒಂದು ವರ್ಷ ತುಂಬಿದ ಮೇಲೆ ಅರ್ಧ ಚಮಚ ಕೊಡಬಹುದು, ರಾತ್ರಿಯ ಕೆಮ್ಮಿಗೆ ನಿಜವಾಗಿಯೂ ಹಿತ. ಅದಕ್ಕೂ ಮೊದಲು ಕೊಟ್ಟರೆ ಬೊಟುಲಿಸಂ ಎಂಬ ವಿಷಬಾಧೆಯ ಭಯ.

ಆಸ್ಪತ್ರೆಗೆ ಸೇರಿಸಿದರೆ ಅಲ್ಲಿ ನಡೆಯುವುದೂ ಬಹಳ ಸರಳ. ಮೂಗು ಸ್ವಚ್ಛ ಮಾಡುತ್ತಾರೆ, ಆಕ್ಸಿಜನ್ ಕೊಡುತ್ತಾರೆ, ಮೂಗಿನ ನಳಿಕೆಯಲ್ಲಿ ಹಾಲು ಅಥವಾ ಡ್ರಿಪ್ ಹಾಕುತ್ತಾರೆ, ಕಾಯುತ್ತಾರೆ. ‘ಏನೂ ಔಷಧ ಕೊಡುತ್ತಿಲ್ಲ’ ಎಂದು ಜಗಳಕ್ಕೆ ನಿಲ್ಲುವವರಿದ್ದಾರೆ. ಬ್ರಾಂಕಿಯೊಲೈಟಿಸ್‌ನಲ್ಲಿ ಅನಗತ್ಯ ನೆಬುಲೈಸೇಶನ್, ಆ್ಯಂಟಿಬಯಾಟಿಕ್ ಕೊಡದಿರುವುದೇ ಒಳ್ಳೆಯ ವೈದ್ಯರ ಗುರುತು.

ತಡೆಗೆ ದಾರಿಗಳಿವೆ. ಆರ್‌ಎಸ್‌ವಿ ಲಸಿಕೆಯ ಮೊದಲ ಪ್ರಯತ್ನ 1960ರ ದಶಕದಲ್ಲಿ ಅಮೆರಿಕದಲ್ಲಿ ದುರಂತವಾಯಿತು. ಲಸಿಕೆ ಹಾಕಿಸಿಕೊಂಡ ಕೂಸುಗಳಿಗೇ ಕಾಯಿಲೆ ಉಲ್ಬಣಿಸಿ ಇಬ್ಬರು ಸತ್ತರು. ವೈರಸ್ಸಿನ ಮೇಲ್ಮೈ ಪ್ರೋಟೀನಿನ ಸರಿಯಾದ ಆಕಾರ 2013ರಲ್ಲಿ ಸಿಕ್ಕ ಮೇಲೆ ದಾರಿ ತೆರೆಯಿತು. ಈಗ ಕೆಲವು ದೇಶಗಳಲ್ಲಿ ಗರ್ಭಿಣಿಗೆ ಲಸಿಕೆ, ಕೂಸಿಗೆ ನಿರ್ಸೆವಿಮ್ಯಾಬ್ ಎಂಬ ಪ್ರತಿಕಾಯದ ಒಂದೇ ಇಂಜೆಕ್ಷನ್ ಬಳಕೆಯಲ್ಲಿವೆ. ನಮ್ಮಲ್ಲಿ ಕೈಗೆಟುಕುವುದು ಆರು ತಿಂಗಳ ನಂತರದ ಫ್ಲೂ ಲಸಿಕೆ, ಮೊದಲ ಸಲ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ವೈರಸ್ಸಿನ ಬೆನ್ನಿಗೆ ಬರುವ ಬ್ಯಾಕ್ಟೀರಿಯಾ ನ್ಯುಮೋನಿಯಾವನ್ನು ತಡೆಯುವ ಪಿಸಿವಿ ಲಸಿಕೆ ಸರ್ಕಾರಿ ಕೇಂದ್ರಗಳಲ್ಲಿ 6 ವಾರ, 14 ವಾರ, 9 ತಿಂಗಳಿಗೆ ಉಚಿತ. ಇಷ್ಟರ ಜೊತೆಗೆ ಶಾಲೆಯಿಂದ ಬಂದ ಅಣ್ಣ ಕೈ ತೊಳೆಯದೆ ತೊಟ್ಟಿಲು ಮುಟ್ಟಬಾರದು, ನೆಗಡಿಯಾದ ನೆಂಟರು ಮುದ್ದು ಮಾಡಲು ಬಂದರೆ ದಾಕ್ಷಿಣ್ಯ ಬಿಟ್ಟು ತಡೆಯಬೇಕು.

ಉಸಿರು ಸರಿಹೋದ ಮೇಲೂ ಕೆಮ್ಮು ಬೇಗ ಬಿಡುವುದಿಲ್ಲ. ಸತ್ತ ರೋಮಕೋಶಗಳ ಜಾಗದಲ್ಲಿ ಹೊಸ ರೋಮ ಮೂಡಲು ಸುಮಾರು ಎರಡು ವಾರ ಬೇಕು. ಅಲ್ಲಿಯವರೆಗೆ ಕಫ ಮೇಲೆ ತರಲು ಕೆಮ್ಮೊಂದೇ ಉಪಾಯ. ಮೂರು ವಾರದವರೆಗೆ ಕಾಯಬಹುದು. ನಾಲ್ಕು ವಾರ ದಾಟಿದರೆ ಅಸ್ತಮಾ, ಕ್ಷಯ, ನಾಯಿಕೆಮ್ಮು ಇವನ್ನು ಹುಡುಕಬೇಕು. ನೆಗಡಿಯೇ ಇಲ್ಲದೆ, ಆಡುತ್ತಿದ್ದ ಮಗು ಒಮ್ಮೆಲೇ ಉಸಿರುಕಟ್ಟಿ ಕೆಮ್ಮತೊಡಗಿತ್ತು ಎಂಬ ನೆನಪು ಮನೆಯವರಿಗೆ ಬಂದರೆ, ಅದನ್ನು ವೈದ್ಯರಿಗೆ ಮೊದಲ ಮಾತಾಗಿ ಹೇಳಿ. ಶ್ವಾಸನಾಳದಲ್ಲಿ ಕಡಲೆಕಾಯಿ ಬೀಜ ಸಿಕ್ಕಿರಬಹುದು, ಎಕ್ಸ್-ರೇಯಲ್ಲಿ ಬೀಜ ಕಾಣುವುದಿಲ್ಲ.